ಅಪ್‌ಡೇಟ್: ಎಲೆಕ್ಟ್ರಾನ್ ಬದಲಿಗೆ ಕೊನೆಗೆ ಟೌರಿಯನ್ನೇ ಆರಿಸಿಕೊಂಡೆ

ಹಳೆಯ ವಿಂಡೋಸ್ 10 ಕಂಪ್ಯೂಟರುಗಳಲ್ಲಿ ಓಡಬೇಕಾದ ಬಿಲ್ಲಿಂಗ್ ತಂತ್ರಾಂಶಕ್ಕೆ ವೆಬ್‌ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಿಂದ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟಲು ನೆರವಾಗುವ ಎಲೆಕ್ಟ್ರಾನ್‌ಗಿಂತ ಹಗುರವಾದ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಯಾವುದೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಅಂಥದೇ ಇನ್ನೊಂದು ಫ್ರೇಮ್‌ವರ್ಕ್ ಆದ ಟೌರಿಯನ್ನು ಬಳಸಿ ಎಂಬ ಸಲಹೆಯೇ ಫಲ ಕೊಟ್ಟಿತು. ಎಲೆಕ್ಟ್ರಾನ್ ಪ್ರತಿ ತಂತ್ರಾಂಶದೊಂದಿಗೆ ಇಡೀ ಕ್ರೋಮಿಯಂ (ಕ್ರೋಮ್ ಬ್ರೌಸರಿನ ಮೂಲ) ಅನ್ನು ಹೊತ್ತು ತರುತ್ತದೆ. ಟೌರಿಯಾದರೋ ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್‌ನಲ್ಲಿ ಡಬ್ಲ್ಯುಕೆವೆಬ್‌ವ್ಯೂ, ಲಿನಕ್ಸ್‌ನಲ್ಲಿ ವೆಬ್‌ಕಿಟ್‌ಜಿಟಿಕೆ ಹೀಗೆ ವೆಬ್‌ಪುಟ ತೋರಿಸುವ ಆಯಾ ವ್ಯವಸ್ಥೆಯ ಎಂಜಿನ್ನನ್ನೇ ಬಳಸುವುದರಿಂದ ಇನ್‌ಸ್ಟಾಲರ್ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ. ಸೈಟರ್ ಎಂಬ ಮತ್ತೊಂದು ಫ್ರೇಮ್‌ವರ್ಕ್ ಕೂಡ ಹಗುರ, ವೇಗವೂ ಮೆಚ್ಚುವಂಥದ್ದು. ಆದರೆ ಅದು ತನ್ನದೇ ಎಂಜಿನ್ ಹೊಂದಿರುವುದರಿಂದ ಬ್ರೌಸರಿಗೆಂದು ಬರೆದ ನಮ್ಮ ಚಾರ್ಟ್ ಲೈಬ್ರರಿ ಅದರಲ್ಲಿ ಹಾಗೆಯೇ ಓಡಲಿಲ್ಲ.

ನನಗೆ ಅಚ್ಚರಿ ತಂದದ್ದು ಇನ್‌ಸ್ಟಾಲರ್‌ನ ವಿಷಯ. ವೆಬ್‌ವ್ಯೂ2 ಇಲ್ಲದ ಕಂಪ್ಯೂಟರಿನಲ್ಲಿ ಟೌರಿಯ ಇನ್‌ಸ್ಟಾಲರ್ ಅದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಲು ಹೊರಡುತ್ತದೆ. ಸಂಪರ್ಕವಿಲ್ಲದ ಅಂಗಡಿಗಳಿಗಾಗಿ ಕಾನ್ಫಿಗ್ ಕಡತದಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಆಯ್ಕೆ ಮಾಡಿದರೆ ಗಾತ್ರ ಸುಮಾರು 127 ಎಂಬಿ ಹೆಚ್ಚುತ್ತದೆ, ಅಂದರೆ ಡೌನ್‌ಲೋಡಿನ ಮಟ್ಟಿಗೆ ಹಗುರತನದ ಲಾಭವೆಲ್ಲ ಅಲ್ಲಿಗೇ ಹೋಯಿತು. ಹಾಗಾಗಿ ಎರಡು ಬಗೆಯ ಇನ್‌ಸ್ಟಾಲರ್ ಕೊಡುತ್ತಿದ್ದೇನೆ.

ಇನ್ನೊಂದು ಮಾತು: ಟೌರಿ 2ರಲ್ಲಿ ಕಡತ ಬರೆಯುವ ಪ್ಲಗಿನ್‌ಗೆ (ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಕೇಪಬಿಲಿಟೀಸ್ ಫೋಲ್ಡರಿನ ಜೇಸನ್ (JSON) ಕಡತದಲ್ಲಿ ಅನುಮತಿಯನ್ನೂ ಯಾವ ಫೋಲ್ಡರಿಗೆ ಬರೆಯಬಹುದೆಂಬ ವ್ಯಾಪ್ತಿಯನ್ನೂ ನಮೂದಿಸಲೇಬೇಕು. ಬಿಲ್ಲಿನ ಪಿಡಿಎಫ್ ಉಳಿಯದಿದ್ದರೆ ಮೊದಲು ಅಲ್ಲಿ ನೋಡಿ.