ಉಲುವಾಟುವಿನ 1.8 ಮೀಟರ್ ನಮ್ಮ ಮಳೆಗಾಲದ 3 ಮೀಟರಿಗಿಂತ ಚಿಕ್ಕದಾ?

ಸಸಿಹಿತ್ಲು ಸವಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೂಲ್ಕಿಯವನು. ಮೂರು ವರ್ಷದಿಂದ ಸಸಿಹಿತ್ಲು ಅಳಿವೆ ಬಾಗಿಲಿನಲ್ಲಿ ಸರ್ಫ್ ಮಾಡುತ್ತಿದ್ದೇನೆ. ಈಗ ಆಟಿ, ಕಡಲಿಗೆ ಇಳಿಯುವ ಹಾಗಿಲ್ಲ. ಮನೆಯಲ್ಲಿ ಕೂತು ಮಳೆ ನೋಡುವುದೇ ಕೆಲಸ.

ಆಗಸ್ಟ್‌ನಲ್ಲಿ, ನೂಲ ಹುಣ್ಣಿಮೆಯ ವಾರ, ನಾವು ಮೂರು ಜನ ಬಾಲಿಗೆ ಹೋಗುತ್ತಿದ್ದೇವೆ. ಟಿಕೆಟ್ ಆಗಿದೆ. ಅಲ್ಲಿನ ಹೆಸರಾಂತ ಸರ್ಫ್ ಜಾಗ ಉಲುವಾಟುವಿನಲ್ಲಿ ಒಂದು ಸಲವಾದರೂ ಇಳಿಯಬೇಕೆಂದು ಆಸೆ. ಎರಡು ವಾರದಿಂದ ಅಲ್ಲಿನ ತೆರೆಗಳ ಮುನ್ಸೂಚನೆ ನೋಡುತ್ತಿದ್ದೇನೆ. ಮೊನ್ನೆ 1.8 ಮೀಟರ್, 16 ಸೆಕೆಂಡು ಎಂದಿತ್ತು. ಅದೇ ದಿನ ನಮ್ಮ ಕಡೆಗೆ 3 ಮೀಟರ್, 9 ಸೆಕೆಂಡು. ಅಂದ್ರೆ ನಮ್ಮ ಮಳೆಗಾಲದ ಕಡಲಿಗಿಂತ ಅಲ್ಲಿನದು ಚಿಕ್ಕದು ಅಲ್ವಾ? ಮತ್ತೆ ವಿಡಿಯೋದಲ್ಲಿ ಮನುಷ್ಯನ ತಲೆ ಮೇಲೆ ಇನ್ನೊಬ್ಬ ಮನುಷ್ಯ ನಿಂತಷ್ಟು ಎತ್ತರ ಕಾಣುವುದು ಹೇಗೆ?

ಇನ್ನೊಂದು ವಿಷಯ. ನಾನು ಇಷ್ಟು ದಿನ ಬಿದ್ದದ್ದೆಲ್ಲ ಮರಳಿನ ಮೇಲೆ. ಹವಳದ ಬಂಡೆ ಮೇಲೆ ಒಂದು ಸಲವೂ ಇಲ್ಲ. ಹೋಗಿ ಬಂದವರು ಇದ್ದರೆ ಹೇಳಿ.

---

ಪಣಂಬೂರು ಪಾರ್ಟಿ:

ಬ್ರೋ, ಮೀಟರ್ ಸೆಕೆಂಡ್ ಎಲ್ಲ ತಲೆ ಕೆಡಿಸಿಕೊಳ್ಳಬೇಡ. ಆಗಸ್ಟ್‌ನಲ್ಲಿ ಅಲ್ಲಿ ಮಳೆ ಇಲ್ಲ, ಅದೇ ದೊಡ್ಡ ಪುಣ್ಯ. ಸನ್‌ಸ್ಕ್ರೀನ್ ಜಾಸ್ತಿ ತಗೊಂಡು ಹೋಗು. ಉಲುವಾಟು ದೇವಸ್ಥಾನದ ಹತ್ತಿರ ಮಂಗಗಳಿವೆ, ಕನ್ನಡಕ ಎಳೆದುಕೊಂಡು ಹೋಗುತ್ತವೆ. ನನ್ನದು ಹೋಯಿತು. ಒಂದು ಹಣ್ಣು ಕೊಟ್ಟ ಮೇಲೆ ವಾಪಸ್ ಬಂತು, ಒಂದು ಗಾಜು ಇರಲಿಲ್ಲ.

---

ಕಾಪು ದೀಪದ ಬುಡ:

ಮಂಗದ ಮಾತು ನಿಜ. ಸೆಕೆಂಡಿಗೆ ತಲೆ ಕೆಡಿಸಿಕೊಳ್ಳಬೇಡ ಎಂದದ್ದು ಮಾತ್ರ ತಪ್ಪು ಮಾರಾಯ್ರೆ. ಬೇಕಾದರೆ ಮೀಟರನ್ನು ಬಿಡಿ, ಸೆಕೆಂಡನ್ನು ಬಿಡಬೇಡಿ.

ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ನಿಮ್ಮ ಹಾಗೆಯೇ ಲೆಕ್ಕ ಹಾಕಿಕೊಂಡು ಹೋದೆ. "ಇಷ್ಟೇನಾ, ಕಾಪುವಿನಲ್ಲಿ ಇದರಪ್ಪ ನೋಡಿದ್ದೇನೆ" ಎಂದು. ಕಾಲು ಕೊಯ್ದುಕೊಂಡು ಬಂದೆ. ಅದು ಆಮೇಲೆ.

ಸೆಕೆಂಡು ಎಂದರೆ ಒಂದು ತೆರೆ ದಾಟಿ ಮುಂದಿನದು ಬರುವವರೆಗಿನ ಹೊತ್ತು. ಅದು ಹೆಚ್ಚಿದಷ್ಟೂ ತೆರೆ ಉದ್ದ, ಅಂದರೆ ಒಂದರ ತಲೆಯಿಂದ ಮುಂದಿನದರ ತಲೆಗೆ ಇರುವ ದೂರ ಹೆಚ್ಚು. ಒಂದು ಅಂದಾಜು ಲೆಕ್ಕ ಉಂಟು. ಸೆಕೆಂಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಂದೂವರೆ ಪಟ್ಟು ಮಾಡಿ. ಆಳ ಸಮುದ್ರದಲ್ಲಿ ಆ ತೆರೆಯ ಉದ್ದ ಹೆಚ್ಚುಕಡಿಮೆ ಅಷ್ಟು ಮೀಟರ್. ನಮ್ಮ 9 ಸೆಕೆಂಡಿನದು 120 ಮೀಟರ್. ಅಲ್ಲಿನ 16 ಸೆಕೆಂಡಿನದು 400 ಮೀಟರಿಗೆ ಹತ್ತಿರ. ಉದ್ದದ ಅರ್ಧದಷ್ಟು ಆಳದವರೆಗೆ ನೀರು ಅಲುಗುತ್ತದೆ. ಹಾಗಾಗಿ ನಿಮಗೆ ಮೇಲೆ ಕಾಣುವುದು ಬರೀ 1.8 ಮೀಟರ್, ಅಡಿಯಲ್ಲಿ 200 ಮೀಟರ್ ನೀರಿಗೆ ಅದರ ಸುದ್ದಿ ಮುಟ್ಟಿರುತ್ತದೆ.

ನಮ್ಮ ಆಟಿಯ 3 ಮೀಟರ್ ಇಲ್ಲೇ ಅರಬ್ಬಿ ಸಮುದ್ರದ ಮಳೆಗಾಳಿ ಎಬ್ಬಿಸಿದ್ದು. ಸಂತೆಯ ಹಾಗೆ, ಒಂದರ ಮೇಲೊಂದು ಬಿದ್ದು ಬೊಬ್ಬೆ ಹೊಡೆಯುತ್ತದೆ. ಬಾಲಿಯದು ಬಾಲಿಯಲ್ಲಿ ಹುಟ್ಟಿದ್ದೇ ಅಲ್ಲ. ಆಫ್ರಿಕಾಕ್ಕೂ ಆಸ್ಟ್ರೇಲಿಯಾಕ್ಕೂ ನಡುವೆ, ತೀರಾ ತೆಂಕಿಗೆ, 40-50 ಡಿಗ್ರಿ ಅಕ್ಷಾಂಶದ ಹತ್ತಿರ ಈಗ ಚಳಿಗಾಲ. ಅಲ್ಲಿನ ಬಿರುಗಾಳಿ ಎಬ್ಬಿಸಿದ ತೆರೆ ಅದು. 16 ಸೆಕೆಂಡಿನ ತೆರೆಗಳ ಗುಂಪು ಗಂಟೆಗೆ ಸುಮಾರು 45 ಕಿ.ಮೀ. ಓಡುತ್ತದೆ. ಹಗಲು ರಾತ್ರಿ ಸೇರಿ ದಿನಕ್ಕೆ ಸಾವಿರ ಕಿ.ಮೀ. ಐದಾರು ದಿನ ಓಡಿ ಬಾಲಿ ಮುಟ್ಟುವಾಗ ಪುಡಿ ತೆರೆಗಳೆಲ್ಲ ದಾರಿಯಲ್ಲೇ ಉದುರಿ ಹೋಗಿರುತ್ತವೆ. ಉಳಿದವು ಸಾಲಾಗಿ, ಸದ್ದಿಲ್ಲದೆ ಬರುತ್ತವೆ.

ಆ ಉದ್ದದ ತೆರೆ ಸಡನ್ನಾಗಿ ಹವಳದ ಬಂಡೆಗೆ ಹತ್ತಿದಾಗ ಏನಾಗುತ್ತದೆ ಗೊತ್ತಾ? ಕಂಬಳದಲ್ಲಿ ಕೋಣ ಮಂಜೊಟ್ಟಿ, ಅಂದರೆ ಗದ್ದೆಯ ಕೊನೆಯ ಏರು, ಹತ್ತುವುದು ನೋಡಿದ್ದೀರಲ್ಲ. ಗದ್ದೆಯಲ್ಲಿ ಉದ್ದಕ್ಕೆ ಓಡಿ ಬಂದದ್ದು ಅಲ್ಲಿ ಒಮ್ಮೆಲೇ ಎದೆ ಎತ್ತುತ್ತದೆ. ಹಾಗೆ. 1.8 ಮೀಟರ್ ಎಂದು ಬರೆದದ್ದು ನಿಮ್ಮ ಎದುರಿಗೆ ಬರುವಾಗ ಮೂರು, ಕೆಲವು ಸಲ ಮೂರೂವರೆ ಮೀಟರಿನ ಗೋಡೆ.

ಗಾಳಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗಸ್ಟ್‌ನಲ್ಲಿ ಆಗ್ನೇಯದಿಂದ ಬೀಸುತ್ತದೆ. ಉಲುವಾಟು ಪಡುವಣಕ್ಕೆ ಮುಖ ಮಾಡಿದ ದಡ, ಹಾಗಾಗಿ ಗಾಳಿ ನೆಲದಿಂದ ಕಡಲಿಗೆ. ನಮಗೆ ಡಿಸೆಂಬರ್‌ನಲ್ಲಿ ಬೆಳಗ್ಗೆ ಒಂಬತ್ತು ಹತ್ತರವರೆಗೆ ಮೂಡುಗಾಳಿ ಸಿಗುತ್ತದಲ್ಲ, ಅಂಥದ್ದು ಅಲ್ಲಿ ಇಡೀ ದಿನ. ನವೆಂಬರ್‌ನಿಂದ ಮಾರ್ಚ್‌ವರೆಗೆ ಉಲ್ಟಾ, ಪಡುಗಾಳಿ ಮತ್ತು ಮಳೆ. ಆಗ ಎಲ್ಲರೂ ಮೂಡು ದಡದ ಕೆರಾಮಸ್, ಸಾನೂರ್ ಕಡೆ ಹೋಗುತ್ತಾರೆ.

---

ಮಲ್ಪೆ ಬೋಟು:

ನಾನು ಸರ್ಫ್ ಗಿರ್ಫ್ ಮಾಡುವವನಲ್ಲ, ಬೋಟಿನವನು. ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಬೋಟು ದಡದಲ್ಲಿ, ಹಾಗಾಗಿ ಇದನ್ನೆಲ್ಲ ಓದಲು ಪುರುಸೊತ್ತು.

ಕಾಪುವಿನವರು ಹೇಳಿದ ತೆಂಕಣ ತೆರೆ ನಮ್ಮಲ್ಲಿಗೂ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಕಡಲು ಎಣ್ಣೆಯ ಹಾಗೆ. ಆದರೂ ದಡದಲ್ಲಿ ಎಳೆದಿಟ್ಟ ನಾಡದೋಣಿಯ ಅಡಿಗೆ ನೀರು ಬಂದಿರುತ್ತದೆ. ಕೇರಳದವರು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನವರು ಈಗ ಅದೇ ಹೆಸರಿನಲ್ಲಿ ಎಚ್ಚರಿಕೆ ಕೊಡುತ್ತಾರೆ. ನಮ್ಮ ಜಿಲ್ಲೆಗೂ ಬರುತ್ತದೆ, ನೋಡಿ.

ಆದರೆ ಬಾಲಿಯ ಹಾಗೆ ಏಳುವುದಿಲ್ಲ. ನಮ್ಮ ಅಡಿನೆಲ ಹಾಗುಂಟು. ಮಲ್ಪೆ ಬಂದರಿನಿಂದ ಪಡುವಣಕ್ಕೆ ಎರಡು ಮೂರು ಗಂಟೆ ಬೋಟು ಓಡಿಸಿದರೂ 50 ಮೀಟರ್ ಆಳ ಸಿಗುವುದು ಕಷ್ಟ. 200 ಮೀಟರ್ ಆಳ ಬೇಕಾದ ತೆರೆಗೆ ಇಲ್ಲಿ ದಾರಿಯುದ್ದಕ್ಕೂ ಹೊಟ್ಟೆ ನೆಲಕ್ಕೆ ತಾಗುತ್ತಾ ಬರುತ್ತದೆ. ಅಳಿವೆಗೆ ಬರುವಾಗ ಅರ್ಧ ಸುಸ್ತು.

---

ಸಸಿಹಿತ್ಲು ಸವಾರಿ:

ಅಬ್ಬಾ. ಹಾಗಾದರೆ ನಾನು ಮೂರು ವರ್ಷ ಸುಸ್ತಾದ ತೆರೆ ಮೇಲೆ ಸವಾರಿ ಮಾಡಿದ್ದು! 2016ರಲ್ಲಿ ನಮ್ಮಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಆದಾಗಿನಿಂದ ಸಸಿಹಿತ್ಲಿನಷ್ಟು ಒಳ್ಳೆಯದು ಇಲ್ಲ ಎಂದುಕೊಂಡಿದ್ದೆ.

ಕಾಪುವಿನವರೇ, ಕಾಲು ಕೊಯ್ದ ಕತೆ ಹೇಳಿ. ಬೂಟು ಬೇಕಾ?

---

ಕಾಪು ದೀಪದ ಬುಡ:

ಸಸಿಹಿತ್ಲನ್ನು ಹಾಗೆಲ್ಲ ಬಿಟ್ಟುಕೊಡಬೇಡಿ. ಬಿದ್ದರೆ ಮರಳು, ಎದ್ದರೆ ಗಂಜಿ. ಅಂಥ ಜಾಗ ಎಷ್ಟು ಉಂಟು?

ಬೂಟು ಬೇಕು. ಕತೆ ಇದು.

ಉಲುವಾಟುವಿನಲ್ಲಿ ನೀರಿಗೆ ಹೋಗುವುದು ಒಂದು ಗುಹೆಯಿಂದ. ಸುಲುಬನ್ ಎನ್ನುತ್ತಾರೆ. ಬೆಟ್ಟದ ಅಂಚಿನಲ್ಲಿ ಸಾಲು ಹೋಟೆಲು, ನಡುವೆ ಇಕ್ಕಟ್ಟಾದ ಮೆಟ್ಟಿಲು, ಕೆಳಗೆ ಎರಡು ಬಂಡೆಯ ಸಂದಿನಲ್ಲಿ ಕಡಲು. ಇಳಿತದಲ್ಲಿ ಒಳಗೆ ಒಂದಿಷ್ಟು ಮರಳು ಇರುತ್ತದೆ. ಭರತದಲ್ಲಿ ಗುಹೆಯೊಳಗೇ ತೆರೆ ಬಂದು ಗೋಡೆಗೆ ಹೊಡೆಯುತ್ತದೆ. ಹೋಗಲೂ ಅದೇ ದಾರಿ, ಬರಲೂ ಅದೇ.

ಆ ದಿನ ಮೇಲಿನಿಂದ ಐದು ನಿಮಿಷ ನೋಡಿದೆ. ಏನೂ ಇಲ್ಲ. ಪಡುಬಿದ್ರೆಯ ಜನವರಿ ಕಡಲಿನ ಹಾಗೆ ಚಪ್ಪಟೆ. ಇಳಿದೆ. ಉದ್ದದ ತೆರೆಗಳ ಕುತಂತ್ರವೇ ಇದು. ಹತ್ತು ಹದಿನೈದು ನಿಮಿಷ ಸುಮ್ನೆ ಇರುತ್ತವೆ. ಆಮೇಲೆ ಐದಾರು ಒಟ್ಟಿಗೆ ಬರುತ್ತವೆ. ನಾನು ಬೋರ್ಡಿನ ಮೇಲೆ ಕೂತು ಆಚೆ ನೋಡುವಾಗ ದೂರದಲ್ಲಿ ಗೆರೆ ಕಪ್ಪಾಯಿತು. ಸುತ್ತ ಇದ್ದವರೆಲ್ಲ ಮಾತು ನಿಲ್ಲಿಸಿ ಹೊರಗೆ ಕೈ ಹೊಡೆಯತೊಡಗಿದರು. ನನಗೆ ಆಗಲೂ ಗೊತ್ತಾಗಲಿಲ್ಲ. ಮೊದಲನೆಯದನ್ನು ಹೇಗೋ ದಾಟಿದೆ. ಎರಡನೆಯದು ತಲೆ ಮೇಲೆ ಬಿತ್ತು. ಮೂರನೆಯದಕ್ಕೆ ಬೋರ್ಡಿನ ಹಗ್ಗ ಕಾಲಿನಿಂದ ರಬ್ಬರಿನ ಹಾಗೆ ಎಳೆದು ಬಿಟ್ಟಿತು. ಪುಣ್ಯಕ್ಕೆ ತುಂಡಾಗಲಿಲ್ಲ.

ಸಾಕಪ್ಪಾ ಎಂದು ಗುಹೆಯ ಬಾಯಿಗೆ ನೇರ ಕೈ ಹೊಡೆದೆ. ಅಲ್ಲೇ ತಪ್ಪಿದ್ದು. ಅಲ್ಲಿ ನೀರಿನ ಸೆಳೆತ ಗುಹೆಯನ್ನು ದಾಟಿ ಆಚೆಯ ಪಡಂಗ್ ಪಡಂಗ್ ಎನ್ನುವ ಕಡಲತೀರದ ಕಡೆಗೆ. ಭರತದಲ್ಲಂತೂ ನಮ್ಮ ಅಳಿವೆಯ ಹೊಳೆಯ ಹಾಗೆ. ಗುಹೆ ಕಾಣುತ್ತದೆ, ಮೆಟ್ಟಿಲ ಮೇಲೆ ನಿಂತವನ ಹಲ್ಲು ಕಾಣುತ್ತದೆ, ಕೈ ಮಾತ್ರ ತಾಗುವುದಿಲ್ಲ. ತಪ್ಪಿದರೆ ಮತ್ತೆ ಹೊರಗೆ ಹೋಗಿ ಸುತ್ತು ಹಾಕಬೇಕು. ಎರಡು ಸುತ್ತು ಹಾಕಿದೆ. ಮೂರನೆಯ ಸಲ ಸಿಟ್ಟು ಬಂದು, ಎಲ್ಲಿ ನೆಲ ಸಿಕ್ಕಿತೋ ಅಲ್ಲಿ ಕಾಲಿಟ್ಟೆ.

ಹೆರೆಮಣೆ ನೋಡಿದ್ದೀರಲ್ಲ, ತೆಂಗಿನಕಾಯಿ ಹೆರೆಯುವುದು. ನೂರು ಹೆರೆಮಣೆ ಅಂಗಾತ ಇಟ್ಟು ಅದರ ಮೇಲೆ ಪಾಚಿ ಬೆಳೆಸಿದರೆ ಹೇಗೋ ಹಾಗೆ ಹವಳ. ಎಡಗಾಲಿನ ಹೆಬ್ಬೆರಳ ಕೆಳಗೆ ಎರಡಿಂಚು ಸೀಳಿತು. ನೋವು ಕೂಡ ತಕ್ಷಣ ಗೊತ್ತಾಗಲಿಲ್ಲ, ನೀರು ಕೆಂಪಾದದ್ದು ಕಂಡು ಗೊತ್ತಾಯಿತು. ಮೇಲೆ ಬಂದಾಗ ಹೋಟೆಲಿನ ಒಬ್ಬ ಅಜ್ಜಿ ಕೇಳದೆಯೇ ಅರ್ಧ ಲಿಂಬೆ ಹಿಂಡಿದರು. ನಾನು ತುಳುವಿನಲ್ಲಿ ಹೇಳಿದ್ದು ಇಲ್ಲಿ ಬರೆಯುವ ಹಾಗಿಲ್ಲ. ಅಜ್ಜಿಗೆ ಅರ್ಥವಾಯಿತು, ನಕ್ಕರು.

ಲಿಂಬೆ ನಂಬಿ ಕೂರಬೇಡಿ. ಒಳ್ಳೆಯ ನೀರು ಜಾಸ್ತಿ ಹಾಕಿ ಮೆತ್ತಗಿನ ಬ್ರಶ್‌ನಲ್ಲಿ ಉಜ್ಜಿ ಹವಳದ ಕಣ ತೆಗೆಯಬೇಕು. ನಾನು ಸರಿಯಾಗಿ ಉಜ್ಜಲಿಲ್ಲ. ಊರಿಗೆ ಬಂದು ಒಂಬತ್ತನೆಯ ದಿನ ಡಾಕ್ಟ್ರು ಕೀವಿನೊಳಗಿಂದ ಸಾಸಿವೆಯಷ್ಟು ಬಿಳಿ ಚೂರು ತೆಗೆದು ಕೈಗೆ ಕೊಟ್ಟರು. ಹೋಗುವ ಮೊದಲು ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಆಮೇಲಿನ ಎರಡು ಸಲ ಏನೂ ಆಗಲಿಲ್ಲ. ಅರ್ಧ ಗಂಟೆ ಗಡಿಯಾರ ನೋಡಿಕೊಂಡು ಮೇಲೆ ಕೂತು, ಎರಡು ಗುಂಪು ಬಂದು ಹೋದ ಮೇಲೆ ಇಳಿದೆ. ಬರುವಾಗ ಗುಹೆಯ ಕಡೆ ನೋಡಲೇ ಇಲ್ಲ. ಅದಕ್ಕಿಂತ ತುಂಬಾ ಮೇಲೆ, ದೇವಸ್ಥಾನದ ದಿಕ್ಕಿಗೆ ಕೈ ಹೊಡೆದೆ, ಸೆಳೆತವೇ ತಂದು ಬಾಯಿಗೆ ಬಿಟ್ಟಿತು. ಬೀಳುವಾಗ ಚಾಪೆ ಹಾಸಿದ ಹಾಗೆ ಚಪ್ಪಟೆ ಬಿದ್ದೆ. ತಲೆ ಕೆಳಗೆ ಮಾಡಿ ಹಾರುವ ನಮ್ಮ ಚಾಳಿ ಅಲ್ಲಿ ಬೇಡ.

ನಿಮ್ಮ ಟಿಕೆಟ್ ವಾರದ ಬಗ್ಗೆ ಒಂದು ಮಾತು. ನೂಲ ಹುಣ್ಣಿಮೆಗೆ ಇಲ್ಲಿ ನಮ್ಮವರು ಸಮುದ್ರಪೂಜೆ ಮಾಡಿ ಹಾಲು ಎರೆಯುವಾಗ, ಅಲ್ಲಿ ಭರತ ಇಳಿತ ತೀರಾ ದೊಡ್ಡದು. ಎರಡೂವರೆ ಮೀಟರಿನ ಆಸುಪಾಸು ಏರಿ ಇಳಿಯುತ್ತದೆ. ನಮ್ಮಲ್ಲಿ ಅದರ ಅರ್ಧ. ಇಳಿತದಲ್ಲಿ ರೇಸ್‌ಟ್ರ್ಯಾಕ್ ಎನ್ನುವ ಭಾಗದಲ್ಲಿ ಬಂಡೆ ಮೊಣಕಾಲಿನಷ್ಟು ನೀರಿನಲ್ಲಿರುತ್ತದೆ, ಅಲ್ಲಿ ನಿಮಗೆ ಕೆಲಸವಿಲ್ಲ. ಗುಹೆಯ ಎದುರಿನ ಪೀಕ್ ಎನ್ನುವ ಭಾಗದಲ್ಲಿ, ನೀರು ಅರ್ಧ ಏರಿದಾಗ, ಮುನ್ಸೂಚನೆ 1 ಮೀಟರ್ ತೋರಿಸುವ ದಿನ ಇಳಿಯಿರಿ. ಅಷ್ಟಮಿಯ ಹತ್ತಿರ ಏರಿಳಿತ ಕಡಿಮೆ. ಟಿಕೆಟ್ ಆ ಕಡೆಗೆ ತಳ್ಳಲು ಆಗುತ್ತದಾ?

---

ಸಸಿಹಿತ್ಲು ಸವಾರಿ:

ಅಷ್ಟಮಿಗೆ ಮನೆಯಲ್ಲಿ ಇರದಿದ್ದರೆ ಅಮ್ಮ ಬೋರ್ಡನ್ನು ಒಲೆಗೆ ಹಾಕುತ್ತಾರೆ. ನೂರೆಂಟು ಚಕ್ಕುಲಿ ಒತ್ತಲು ನಾನೇ ಬೇಕು. ಮರುದಿನ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ಹುಲಿವೇಷ ನೋಡಲು ಬೋರ್ಡ್ ಇಲ್ಲದೆಯೂ ಹೋಗಬಹುದು ಅನ್ನಿ. ಎರಡು ದಿನ ಮುಂದೆ ಹಾಕಿದ್ದೇನೆ, ಷಷ್ಠಿವರೆಗೆ ಅಲ್ಲೇ ಇರುತ್ತೇನೆ. ಅಷ್ಟು ಸಾಕಾ?

---

ಕಾಪು ದೀಪದ ಬುಡ:

ಸಾಕು. ಮೊದಲ ಎರಡು ದಿನ ಪಡಂಗ್ ಪಡಂಗ್‌ನ ಬಲಗಡೆಯ ಸಣ್ಣ ತೆರೆಯಲ್ಲಿ ಆಡಿ. ಅದೂ ಹವಳವೇ, ಆದರೆ ತೆರೆ ಸಾಧು. ನಾಚಿಕೆ ಬೇಡ.

ಅಷ್ಟರೊಳಗೆ ಇಲ್ಲಿ ಸೆಕೆಂಡು ಎಣಿಸಲು ಕಲಿಯಿರಿ. ಕಾಪುವಿಗೆ ಬನ್ನಿ. ದೀಪಸ್ತಂಭದ ಬಂಡೆ ಹತ್ತಬೇಡಿ, ಆಟಿಯಲ್ಲಿ ಜಾರುತ್ತದೆ. ರಸ್ತೆಯ ಬದಿಯಿಂದಲೇ ಆಚೆಯ ಒಂದು ಬಂಡೆಯನ್ನು ಗುರುತು ಮಾಡಿ, ಅದಕ್ಕೆ ತೆರೆ ಹೊಡೆದಾಗೆಲ್ಲ ಎಣಿಸಿ.

---

ಸಸಿಹಿತ್ಲು ಸವಾರಿ:

ಇವತ್ತು ಹೋಗಿದ್ದೆ. ಕೊಡೆ ಮೂರು ಸಲ ಮಗುಚಿತು. 11 ತೆರೆ ಎಣಿಸಿದೆ, ಮೊದಲನೆಯದು ಹೊಡೆದಾಗ ವಾಚ್ ಒತ್ತಿ ಹನ್ನೊಂದನೆಯದಕ್ಕೆ ನಿಲ್ಲಿಸಿದೆ. 94 ಸೆಕೆಂಡು. ಭಾಗಿಸಿದರೆ ಎಂಟೂವರೆ. ಮುನ್ಸೂಚನೆಯಲ್ಲಿ 9 ಇದೆ. ಅವರ ಲೆಕ್ಕ ತಪ್ಪಾ?

---

ಕಾಪು ದೀಪದ ಬುಡ:

11 ತೆರೆಯ ನಡುವೆ ಸಂದು ಎಷ್ಟು ಮಾರಾಯ್ರೆ? ಹತ್ತು. 94ನ್ನು ಹತ್ತರಿಂದ ಭಾಗಿಸಿ.

ನಿಮ್ಮ ಕಾಲಿನ ಅಳತೆ 9 ಆದರೆ ನನ್ನ ಬೂಟು ಉಂಟು. ಎಡಗಾಲಿನದಕ್ಕೆ ಒಂದು ಹೊಲಿಗೆ ಹಾಕಿಸಿದ್ದೇನೆ.