ಆರಡಿಯ ತೊಟ್ಟಿಯಲ್ಲಿ ಫ್ಲವರ್‌ಹಾರ್ನ್ ಜೊತೆ ಯಾವ ಮೀನು ಬಾಳೀತು?

ಪ್ರಶ್ನೆ – ಕದ್ರಿ, ಮಂಗಳೂರು

ನಮ್ಮಲ್ಲಿ ಒಂದೂವರೆ ವರ್ಷದ, ಸುಮಾರು 8 ಇಂಚು ಉದ್ದದ ಗಂಡು ಫ್ಲವರ್‌ಹಾರ್ನ್ (ಹಣೆಯುಬ್ಬಿನ ಅಲಂಕಾರದ ಮೀನು) ಇದೆ. ಮೂರಡಿಯ ತೊಟ್ಟಿ ಅದಕ್ಕೆ ಇಕ್ಕಟ್ಟಾಯಿತೆಂದು ಕಳೆದ ತಿಂಗಳು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಮಾಡಿಸಿ, ಮೊದಲು ಅದನ್ನೇ ಬಿಟ್ಟು, ಹತ್ತು ದಿನಗಳ ನಂತರ ಆರು ಸಿಲ್ವರ್ ಡಾಲರ್‌ಗಳನ್ನೂ (ಗುಂಪಿನಲ್ಲಿರುವ ಬೆಳ್ಳಿಬಣ್ಣದ ಮೀನು) ಒಂದು ಸೈಲ್‌ಫಿನ್ ಪ್ಲೆಕೋವನ್ನೂ (ತಳದಲ್ಲಿ ಪಾಚಿ ಮೇಯುವ ಮೀನು) ಸೇರಿಸಿದೆ. ನಾಲ್ಕೇ ದಿನಗಳಲ್ಲಿ ಎರಡು ಸಿಲ್ವರ್ ಡಾಲರ್ ಸತ್ತವು. ಉಳಿದ ನಾಲ್ಕು, ಫಿಲ್ಟರಿನ ನೀರು ಬೀಳುವ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಪ್ಲೆಕೋದ ಬೆನ್ನಿನ ಈಜುರೆಕ್ಕೆ ಹರಿದು ಕಡ್ಡಿಗಳಷ್ಟೇ ಉಳಿದಿವೆ. ಇಷ್ಟು ದೊಡ್ಡ ತೊಟ್ಟಿಯಲ್ಲಿ ಒಂದೇ ಮೀನು ಇಟ್ಟರೆ ಮನೆಯವರಿಗೆ ನಾನು ಉತ್ತರ ಹೇಳಬೇಕಾಗುತ್ತದೆ. ಎರಡು ಆಸ್ಕರ್ ಅಥವಾ ಒಂದು ಹೆಣ್ಣು ಫ್ಲವರ್‌ಹಾರ್ನ್ ತಂದರೆ ಸರಿಹೋದೀತೇ? ಬಳಸುವುದು ಬಾವಿ ನೀರು; ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗ ಮಾತ್ರ ನಲ್ಲಿ ನೀರು.

ಉತ್ತರ – ಮಣಿಪಾಲ

ಆ ನಾಲ್ಕು ಸಿಲ್ವರ್ ಡಾಲರ್‌ಗಳನ್ನೂ ಪ್ಲೆಕೋವನ್ನೂ ಇಂದು ಸಂಜೆಯೊಳಗೆ ಹಳೆಯ ತೊಟ್ಟಿಗೆ ವರ್ಗಾಯಿಸಿ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು.

ನಿಮ್ಮ ತೊಟ್ಟಿ 24 ಘನ ಅಡಿ, ಅಂದರೆ ಸುಮಾರು 680 ಲೀಟರ್. ನಮಗೆ ಅದು ದೊಡ್ಡದು. ಆದರೆ ಮೀನು ಲೀಟರ್ ಎಣಿಸುವುದಿಲ್ಲ, ನೆಲವನ್ನು ಎಣಿಸುತ್ತದೆ; 8 ಇಂಚಿನ ಮೀನಿಗೆ ಆರಡಿಯೆಂದರೆ ತನ್ನದೇ ಮೈಯಳತೆಯ ಒಂಬತ್ತು ಪಟ್ಟು ಮಾತ್ರ. ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ರೂಪುಗೊಂಡ ಮಿಶ್ರತಳಿ. ಅದರ ಮೂಲದಲ್ಲಿರುವ ಮಧ್ಯ ಅಮೆರಿಕದ ಸಿಕ್ಲಿಡ್ ಕುಟುಂಬದ ಮೀನುಗಳು ಮೊಟ್ಟೆಯಿಡುವ ಜಾಗವನ್ನು ಕಾಯುವ ಸ್ವಭಾವದವು. ಕೆರೆಯಲ್ಲಾದರೆ ಸೋತ ಮೀನು ಗಡಿ ದಾಟಿ ಪಾರಾಗುತ್ತದೆ, ಗೆದ್ದದ್ದು ಹಿಂತಿರುಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಗಾಜಿನ ತೊಟ್ಟಿಯಲ್ಲಿ ಗಡಿಯ ಆಚೆ ಎಂಬುದೇ ಇಲ್ಲದ ಕಾರಣ, ಸೋತದ್ದು ಕಣ್ಣೆದುರೇ ಉಳಿದು, ಸಾಯುವವರೆಗೂ ಹೊಡೆತ ತಿನ್ನುತ್ತದೆ. ಅದರ ಮೇಲೆ ನೀವು ಹತ್ತು ದಿನ ಮುಂಚಿತವಾಗಿ ಅದಕ್ಕೊಂದಕ್ಕೇ ಪೂರ್ತಿ ಮನೆ ಬಿಟ್ಟುಕೊಟ್ಟಿದ್ದೀರಿ. ಜಲ್ಲಿಯನ್ನು ಬಾಯಲ್ಲಿ ತುಂಬಿಕೊಂಡು ಹೋಗಿ ಒಂದು ಬದಿಗೆ ಉಗುಳಿ, ಎಲ್ಲೋ ಒಂದು ಕಡೆ ತಳದ ಗಾಜು ಕಾಣುವಷ್ಟು ಹೊಂಡ ತೋಡಿದೆಯೇ, ನೋಡಿ. ತೋಡಿದ್ದರೆ ಅದೇ ಅದರ ಹಕ್ಕುಪತ್ರ.

ಫ್ಲವರ್‌ಹಾರ್ನ್ ಜೊತೆ ಆಸ್ಕರ್ ಬೇಡ. ಅದು ಒಂದಡಿ ಬೆಳೆಯುತ್ತದೆ, ಆದರೆ ಗಾತ್ರಕ್ಕೆ ತಕ್ಕ ಜಗಳಗಂಟತನ ಅದಕ್ಕಿಲ್ಲ, ಹೊಡೆತ ತಿನ್ನುವುದು ಅದೇ. ಹೆಣ್ಣು ಫ್ಲವರ್‌ಹಾರ್ನ್ ಇನ್ನೂ ಅಪಾಯದ ಮಾತು: ಹೆಣ್ಣು ಮೊಟ್ಟೆಗೆ ಸಿದ್ಧವಿಲ್ಲದ ದಿನಗಳಲ್ಲಿ ಗಂಡು ಅದನ್ನು ಸಂಗಾತಿಯೆಂದಲ್ಲ, ಅತಿಕ್ರಮಿಯೆಂದೇ ಕಾಣುತ್ತದೆ. ಸಾಲದ್ದಕ್ಕೆ ಈ ತಳಿಯ ಗಂಡುಗಳಲ್ಲಿ ಬಂಜೆತನ ಸಾಮಾನ್ಯ.

ನನ್ನ ಒಲವು ಹೀಗಿದೆ. ಫ್ಲವರ್‌ಹಾರ್ನ್‌ಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಬೇರೆ ತೊಟ್ಟಿ ಮಾಡಿಸಿ ಒಂಟಿಯಾಗಿ ಬಿಡಿ. ಅದಕ್ಕೆ ಜೊತೆ ಬೇಕೆಂಬುದು ನಮ್ಮ ಆಸೆಯೇ ಹೊರತು ಅದರದ್ದಲ್ಲ. ಆರಡಿಯ ತೊಟ್ಟಿಯಲ್ಲಿ ಎಂಟು–ಹತ್ತು ಸಿಲ್ವರ್ ಡಾಲರ್, ಪ್ಲೆಕೋ, ಮರಿಯಿಂದಲೇ ಒಟ್ಟಿಗೆ ಬೆಳೆದ ಎರಡು ಆಸ್ಕರ್ ಇಟ್ಟರೆ ಮನೆಯವರಿಗೂ ಕಣ್ತುಂಬ ಮೀನು ಸಿಗುತ್ತದೆ. ಒಂದೇ ತೊಟ್ಟಿಯಲ್ಲಿ ಎಲ್ಲವೂ ಇರಬೇಕೆಂಬ ಹಟವಿದ್ದರೆ, ಫ್ಲವರ್‌ಹಾರ್ನನ್ನು ಹೊರತೆಗೆದು, ಕಲ್ಲುಗಳ ಜಾಗ ಪೂರ್ತಿ ಬದಲಿಸಿ, ಉಳಿದ ಮೀನುಗಳು ಎರಡು ವಾರ ನೆಲೆಗೊಂಡ ಮೇಲೆ ರಾತ್ರಿ ದೀಪ ಆರಿಸಿ ಅದನ್ನು ಕೊನೆಯದಾಗಿ ಬಿಡಬೇಕು. ಕೆಲವು ಮೀನುಗಳು ಹೀಗೆ ಒಗ್ಗಿಕೊಳ್ಳುತ್ತವೆ, ಕೆಲವು ಒಗ್ಗುವುದಿಲ್ಲ. ಆದ್ದರಿಂದ ನಡುವೆ ಇಳಿಸಲು ಜಾಲರಿ ಫಲಕವೊಂದು ಮೊದಲೇ ಸಿದ್ಧವಿರಲಿ.

ಇನ್ನು ನೀರು. ನಮ್ಮ ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು (ಅಂದರೆ ಸುಣ್ಣದಂಶ ಕಡಿಮೆ), ತುಸು ಆಮ್ಲೀಯ. ಮೀನುಗಳ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲ ಉಂಟಾಗುತ್ತದೆ. ಅದನ್ನು ತಡೆಹಿಡಿಯುವ ಕಾರ್ಬೊನೇಟ್ ಮೆದು ನೀರಿನಲ್ಲಿ ಕಡಿಮೆಯಿರುವುದರಿಂದ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯೆಂದರೆ ಆಮ್ಲೀಯ) ಜಾರುತ್ತಾ ಹೋಗಿ, 6ಕ್ಕಿಂತ ಕೆಳಗಿಳಿದರೆ ಆ ಬ್ಯಾಕ್ಟೀರಿಯಾಗಳ ಕೆಲಸವೇ ಕುಂಠಿತವಾಗುತ್ತದೆ. ಮೀನು ಹೆಚ್ಚಿದಷ್ಟೂ ಈ ಜಾರುವಿಕೆ ಬೇಗ. ಫ್ಲವರ್‌ಹಾರ್ನ್‌ಗೆ 7ರಿಂದ 8ರ ನಡುವಿನ ಪಿಎಚ್ ಒಳ್ಳೆಯದು. ದುಬಾರಿ ಹವಳದ ಪುಡಿ ಬೇಕಿಲ್ಲ; ಮರುವಾಯಿ (ಕಪ್ಪೆಚಿಪ್ಪು) ಪದಾರ್ಥ ಮಾಡಿದ ಮರುದಿನ ಚಿಪ್ಪುಗಳನ್ನು ಕುದಿಸಿ, ಉಜ್ಜಿ ತೊಳೆದು, ಒಣಗಿಸಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗಿಡಿ; ಅವುಗಳ ಕಾರ್ಬೊನೇಟ್ ನಿಧಾನವಾಗಿ ಕರಗಿ ಪಿಎಚ್ ಜಾರದಂತೆ ಹಿಡಿಯುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಹಾಕದೆ ಸುರಿಯಬೇಡಿ.

ಉತ್ತರ – ಕಾಪು, ಉಡುಪಿ

ನಮ್ಮ ನದಿಗಳ ಕರಿಮೀನು ಕೂಡ ಸಿಕ್ಲಿಡ್ ಕುಟುಂಬದ್ದೇ ಅಲ್ಲವೇ? ಅದು ಗಟ್ಟಿ ಮೀನು. ನಾಲ್ಕೈದು ತಂದು ಬಿಟ್ಟರೆ ಎದುರಿಸಿ ನಿಲ್ಲಲಾರದೇ?

ಉತ್ತರ – ಮಣಿಪಾಲ

ಬಂಧುತ್ವ ನಿಜ, ಆದರೆ ಅದು ಗುಂಪಿನಲ್ಲಿ ಸಸ್ಯಾಹಾರ ಮೇಯುವ ಸೌಮ್ಯ ಮೀನು, ಇಲ್ಲಿ ಉಳಿಯಲಾರದು. ಅದರ ಹತ್ತಿರದ ಸಂಬಂಧಿ ಕೆನರಾ ಪರ್ಲ್‌ಸ್ಪಾಟ್ ಅನ್ನು ಯಾರಾದರೂ ಹಿಡಿದು ತಂದುಕೊಡುತ್ತೇನೆಂದರಂತೂ ಖಂಡಿತ ಬೇಡ. 1877ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ ಆ ಮೀನು ನಮ್ಮ ಈ ಭಾಗದ ನದಿಗಳಿಗೇ ಸೀಮಿತ, ಅಳಿವಿನಂಚಿನ ಪಟ್ಟಿಯಲ್ಲೂ ಇದೆ. ಹಾಗೆಯೇ ಪ್ಲೆಕೋ ಸಾಕಾಯಿತೆಂದು ಅದನ್ನು ನೇತ್ರಾವತಿಗೋ ದೇವಸ್ಥಾನದ ಕೆರೆಗೋ ಬಿಡಬೇಡಿ.

ಪ್ರಶ್ನೆ ಕೇಳಿದವರು – ಕದ್ರಿ

ಹೊಂಡ ಇದೆ, ತಟ್ಟೆಯಷ್ಟು ಅಗಲ, ಸರಿಯಾಗಿ ಸ್ಪಂಜ್ ಫಿಲ್ಟರಿನ ಬುಡದಲ್ಲಿ. ಪಿಎಚ್ ಅಳೆದಾಗ 6.2 ಬಂತು. ನಾಲ್ಕಡಿಯ ತೊಟ್ಟಿಗೆ ಹೇಳಿದ್ದೇನೆ. ಬರುವವರೆಗೆ ಹಳೆಯ ತೊಟ್ಟಿಯ ಇಕ್ಕಟ್ಟು ತಪ್ಪಿಸಲೆಂದು ಆರಡಿಯದ್ದರ ನಡುವೆ ಜಾಲರಿ ಇಳಿಸಿ ಸಿಲ್ವರ್ ಡಾಲರ್‌ಗಳನ್ನು ಆಚೆ ಬದಿಗೆ ಬಿಟ್ಟೆ. ಈಗ ಫ್ಲವರ್‌ಹಾರ್ನ್ ಜಾಲರಿಯ ಅಡಿಯ ಜಲ್ಲಿಯನ್ನೇ ಅಗೆಯುತ್ತಿದೆ. ನಿನ್ನೆ ರಾತ್ರಿ ಎರಡು ಬೆರಳು ತೂರುವಷ್ಟು ಸಂದು ಆಗಿತ್ತು.

ಉತ್ತರ – ಮಣಿಪಾಲ

ಜಾಲರಿ ಜಲ್ಲಿಯ ಮೇಲೆ ನಿಂತಿದೆ, ತಪ್ಪು ಅಲ್ಲಿದೆ. ಒಂದು ಗೇಣಗಲಕ್ಕೆ ಜಲ್ಲಿ ಸರಿಸಿ ಫಲಕವನ್ನು ತಳದ ಗಾಜಿಗೇ ತಾಗಿಸಿ ನಿಲ್ಲಿಸಿ, ಎರಡೂ ಬದಿಗೆ ಚಪ್ಪಟೆ ಕಲ್ಲು ಒತ್ತಿಡಿ. ಮೇಲ್ಭಾಗವೂ ನೀರಿನಿಂದ ನಾಲ್ಕು ಇಂಚು ಎದ್ದಿರಲಿ. ಕೆಳಗೆ ದಾರಿ ಸಿಗದಿದ್ದರೆ ಅದು ಹಾರಿ ನೋಡುತ್ತದೆ.