ಅಪ್‌ಡೇಟ್: ಆಂಬ್ರೋಸ್ ಬಿಯರ್ಸ್ ಅವರ ಕೊನೆಯ ಪತ್ರ

71ರ ವಯಸ್ಸಿನಲ್ಲಿ ಮೆಕ್ಸಿಕೋದಲ್ಲಿ ಕಣ್ಮರೆಯಾದ ಅಮೆರಿಕನ್ ಪತ್ರಕರ್ತ ಆಂಬ್ರೋಸ್ ಬಿಯರ್ಸ್ ಅವರ ಕೊನೆಯ ಸುಳಿವು ಯಾವುದೆಂದು ಕೇಳಿದ್ದವನು ನಾನೇ. ನಿಮ್ಮ ಉತ್ತರಗಳ ಜಾಡು ಹಿಡಿದು ಓದಿದ ಮೇಲೆ ಅವರ ಕೊನೆಯ ಪತ್ರವೇ ಗಟ್ಟಿ ಪುರಾವೆ ಎಂದಿದ್ದ ನನ್ನದೇ ಮಾತನ್ನು ತಿದ್ದಿಕೊಳ್ಳಬೇಕಾಗಿದೆ.

1913ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಬಿಟ್ಟ ಅವರು, ತರುಣ ಸೈನಿಕರಾಗಿದ್ದಾಗ ಕಾದಾಡಿದ್ದ ಅಮೆರಿಕದ ಅಂತರ್ಯುದ್ಧದ ರಣಭೂಮಿಗಳನ್ನು ಮತ್ತೊಮ್ಮೆ ನೋಡಿಕೊಂಡು, ಟೆಕ್ಸಸ್‌ನ ಎಲ್ ಪಾಸೊ ಬಳಿ ಗಡಿ ದಾಟಿ, ಕ್ರಾಂತಿಯ ಬೇಗೆಯಲ್ಲಿದ್ದ ಮೆಕ್ಸಿಕೋ ಸೇರಿದರು. ಡಿಸೆಂಬರ್ 26ರಂದು ಉತ್ತರ ಮೆಕ್ಸಿಕೋದ ಚಿಹುವಾಹುವಾದಿಂದ ಬರೆದರೆನ್ನಲಾದ ಪತ್ರದ ಮೂಲಪ್ರತಿ ಉಳಿದಿಲ್ಲ. ಅದರ ಸಾರಾಂಶವಷ್ಟೇ ಬಿಯರ್ಸ್ ಅವರ ಕಾರ್ಯದರ್ಶಿಯ ನೋಟ್‌ಬುಕ್ಕಿನಲ್ಲಿದೆ. ಅದನ್ನು ಗಟ್ಟಿ ಪುರಾವೆ ಎಂದು ನಾನು ಬರೆದದ್ದು ತಪ್ಪು.

ಉತ್ತರ ಮೆಕ್ಸಿಕೋದ ಸಿಯೆರಾ ಮೊಹಾಡಾ ಎಂಬ ಊರಿನ ಸ್ಮಶಾನದಲ್ಲಿ ಅವರನ್ನು ಗುಂಡಿಕ್ಕಿ ಕೊಂದರೆಂದು ಸ್ಥಳೀಯರು ಹೇಳುತ್ತಾರೆ. ಅಲ್ಲೊಂದು ಸ್ಮಾರಕಕಲ್ಲೂ ಇದೆ, ದೇಹ ಮಾತ್ರ ಸಿಕ್ಕಿಲ್ಲ. ಮಗಳು ಅಷ್ಟೆಲ್ಲ ಮೊರೆಯಿಟ್ಟರೂ ಅಮೆರಿಕದ ಅಧಿಕಾರಿಗಳ ವಿಚಾರಣೆ ಬರಿಗೈಯಲ್ಲಿ ಮುಗಿಯಿತೆಂದು ಓದುವಾಗ ಮನಸ್ಸು ಭಾರವಾಯಿತು.